ಅಗ್ಗದ ಲಿಥಿಯಂ ಸೆಲ್ಲುಗಳೂ ಮನೆಯ ವಿದ್ಯುತ್ ಕಣಜವೂ

ಬಿತ್ತನೆಯ ಬೀಜವನ್ನು ಕೊಂಡು ತಂದ ವಿವೇಕಿಯಾದ ರೈತನು ಅದನ್ನು ನೇರವಾಗಿ ಹೊಲಕ್ಕೆ ಒಯ್ಯುವುದಿಲ್ಲ. ನೂರು ಕಾಳುಗಳನ್ನು ಎಣಿಸಿ, ಒದ್ದೆಯ ಗೋಣಿಯ ತುಂಡಿನಲ್ಲಿ ಸುತ್ತಿಟ್ಟು, ಕೆಲವು ದಿನಗಳಾದ ಮೇಲೆ ಬಿಚ್ಚಿ ನೋಡಿ, ಮೊಳೆತವುಗಳೆಷ್ಟು, ಕೊಳೆತವುಗಳೆಷ್ಟು ಎಂಬುದನ್ನು ಲೆಕ್ಕ ಹಾಕಿದ ತರುವಾಯವೇ ಕೂರಿಗೆಗೆ ಕೈ ಹಚ್ಚುತ್ತಾನೆ. ಚೀಲದ ಮೇಲೆ ಅಚ್ಚಾಗಿರುವ ಮಾತು ಮಾರುವವನದು; ಗೋಣಿಯೊಳಗಿನ ಮೊಳಕೆಯು ಬೀಜದ್ದು. ಎತ್ತುಗಳನ್ನು ಕೊಳ್ಳುವಾಗಲೂ ಹಾಗೆಯೇ. ಹಲ್ಲು ಎಣಿಸದೆ, ನಡೆಸಿ ನೋಡದೆ, ಜಾತ್ರೆಯಲ್ಲಿ ಹಣದ ಚೀಲವನ್ನು ಬಿಚ್ಚುವವರು ವಿರಳ. ಇಷ್ಟು ಎಚ್ಚರವುಳ್ಳ ಜನರೇ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಸಾಮಾನನ್ನು ತೂಗದೆ, ಅಳೆಯದೆ, ಮೊಬೈಲಿನ ಪರದೆಯ ಮೇಲೆ ಕಂಡ ಬೆಲೆಗೆ ಮರುಳಾಗಿ ತರಿಸಿಕೊಳ್ಳುತ್ತಿರುವುದು ಸೋಜಿಗವಾಗಿದೆ. ವಿದ್ಯುತ್ತನ್ನು ಕೂಡಿಡುವ ಲಿಥಿಯಂ ಸೆಲ್ಲುಗಳೇ ಆ ಸಾಮಾನು.

ಇವುಗಳ ಅಗತ್ಯವು ಉಂಟಾದ ಬಗೆ ಎಲ್ಲರಿಗೂ ತಿಳಿದದ್ದೇ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದು ಹೋದಂದಿನಿಂದಲೂ, ಆ ಶಕ್ತಿಯು ಹುಟ್ಟಿದ ಕ್ಷಣದಲ್ಲಿಯೇ ವೆಚ್ಚವಾಗತಕ್ಕ ಪದಾರ್ಥವಾಗಿ ಉಳಿದಿತ್ತು. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು. ವಿದ್ಯುತ್ತಿಗೆ ಹಗೇವು ಇರಲಿಲ್ಲ. ಈಗ ಹಳ್ಳಿಯ ಮನೆಗಳ ಮೇಲೆ ಸೌರ ಫಲಕಗಳು ಬಂದಿವೆ. ಮೂರು ಕಿಲೋವಾಟಿನ ಫಲಕಗಳು ಬಿಸಿಲಿನ ದಿನದಲ್ಲಿ ಸುಮಾರು ೧೨ ಯೂನಿಟ್ಟುಗಳನ್ನು ಕೊಡುತ್ತವೆ. ಆದರೆ ಮನೆಯವರಿಗೆ ಬೆಳಕು ಬೇಕಾಗುವುದು ಬಿಸಿಲು ಇಳಿದ ಮೇಲೆ. ತಂತಿಯ ಮೂಲಕ ಬರುವ ವಿದ್ಯುತ್ತೂ ಗಾಳಿಮಳೆಯ ದಿನಗಳಲ್ಲಿ ತೋಟದ ಮನೆಗಳನ್ನು ಕತ್ತಲೆಯಲ್ಲಿ ಬಿಡುವುದುಂಟು. ಹೀಗಿರುವಲ್ಲಿ, ಹಗಲಿನ ಫಸಲನ್ನು ರಾತ್ರಿಗೆ ತುಂಬಿಡುವ ಕಣಜವೊಂದು ಬೇಕೆಂದು ಜಮೀನುದಾರರು ಬಯಸುವುದು ನ್ಯಾಯವೇ ಆಗಿದೆ.

ಹಿಂದಿನಿಂದ ಬಳಕೆಯಲ್ಲಿರುವ ಸೀಸದ ಬ್ಯಾಟರಿಯು ಈ ಕೆಲಸಕ್ಕೆ ಒದಗದೆ ಇಲ್ಲ. ಆದರೆ ೧೨ ವೋಲ್ಟಿನ, ೧೫೦ ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿಯಲ್ಲಿ ಕಾಗದದ ಮೇಲೆ ೧.೮ ಯೂನಿಟ್ಟು ಇದ್ದರೂ, ಅದರ ಆಯುಸ್ಸನ್ನು ಕಾಪಾಡಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಕೂಡದು. ಭಟ್ಟಿ ಇಳಿಸಿದ ನೀರನ್ನು ಕಾಲಕಾಲಕ್ಕೆ ಹೊಯ್ಯಬೇಕು; ಆಮ್ಲದ ಹಬೆಯನ್ನು ಸಹಿಸಬೇಕು. ಲಿಥಿಯಂ ಸೆಲ್ಲಿಗೆ ಈ ಉಪದ್ರವಗಳಿಲ್ಲ. ತುಂಬಿದ್ದರಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ಪ್ರತಿದಿನವೂ ತೆಗೆಯಬಹುದು. ಸಾವಿರಾರು ಬಾರಿ ತುಂಬಿ ಬರಿದುಮಾಡಿದ ಮೇಲೆಯೂ ಮೊದಲಿನ ಅಳತೆಯಲ್ಲಿ ಎಂಬತ್ತು ಪಾಲು ಉಳಿಯುವುದೆಂದು ಒಳ್ಳೆಯ ತಯಾರಕರು ಬರೆದುಕೊಡುತ್ತಾರೆ. ಗುಣವು ಇದೆ ಎಂಬುದರಲ್ಲಿ ಸಂದೇಹವಿಲ್ಲ. ಪೇಟೆಯಿಂದ ಮನೆಗೆ ಬಂದ ಪೆಟ್ಟಿಗೆಯಲ್ಲಿ ಆ ಗುಣವುಳ್ಳ ಸೆಲ್ಲು ಇದೆಯೇ ಎಂಬುದಷ್ಟೇ ಸಂದೇಹ.

ಲಿಥಿಯಂ ಸೆಲ್ಲುಗಳಲ್ಲಿ ಜಾತಿಗಳುಂಟು ಎಂಬುದನ್ನು ಮೊದಲು ತಿಳಿಯತಕ್ಕದ್ದು. ೧೯೯೧ರಲ್ಲಿ ಜಪಾನಿನ ಸೋನಿ ಕಂಪೆನಿಯವರು ಮೊದಲು ಮಾರಾಟಕ್ಕೆ ತಂದ ಬಗೆಯಲ್ಲಿ ಕೋಬಾಲ್ಟ್ ಲೋಹವಿತ್ತು. ನಿಕಲ್, ಮ್ಯಾಂಗನೀಸ್, ಕೋಬಾಲ್ಟುಗಳನ್ನು ಬೆರೆಸಿದ ಬಗೆಗಳು ಅನಂತರ ಬಂದವು. ಇವುಗಳಲ್ಲಿ ಅಲ್ಪ ತೂಕದಲ್ಲಿ ಬಹಳ ಶಕ್ತಿ ಹಿಡಿಸುತ್ತದೆ; ಆದರೆ ಕೆರಳಿದರೆ ಬೆಂಕಿಯು ಬೇಗ ಹುಟ್ಟುತ್ತದೆ. ಕಬ್ಬಿಣವನ್ನೂ ಫಾಸ್ಫೇಟನ್ನೂ ಆಶ್ರಯಿಸಿದ ಇನ್ನೊಂದು ಬಗೆಯನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಗುಡ್‌ಎನಫ್ ಎಂಬ ವಿದ್ವಾಂಸರೂ ಅವರ ಸಹಾಯಕರೂ ಕಂಡುಹಿಡಿದು, ೧೯೯೭ರಲ್ಲಿ ಲೇಖನವನ್ನು ಪ್ರಕಟಿಸಿದರು. ಆ ಲೇಖನದ ಮೂವರು ಕರ್ತೃಗಳಲ್ಲಿ ಉಳಿದ ಇಬ್ಬರ ಹೆಸರು ಪಾಧಿ ಮತ್ತು ನಂಜುಂಡಸ್ವಾಮಿ. ಈ ಕಡೆಯ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ಗುಡ್‌ಎನಫ್ ಅವರಿಗೆ ೨೦೧೯ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಬೇರೆ ಇಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. ಮನೆಯ ಕಣಜಕ್ಕೆ ತಕ್ಕದ್ದು ಈ ಕಬ್ಬಿಣದ ಬಗೆಯೇ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಎಂದು ಕರೆಯಲ್ಪಡುವುದೇ. ಅದು ತೂಕದಲ್ಲಿ ಕೊಂಚ ಭಾರ. ಆದರೆ ಗೋಡೆಯ ಪಕ್ಕದಲ್ಲಿ ಕದಲದೆ ಕುಳಿತಿರುವ ಪದಾರ್ಥಕ್ಕೆ ತೂಕವು ದೋಷವಲ್ಲ. ಅದು ಸುಲಭವಾಗಿ ಕೆರಳುವುದಿಲ್ಲ, ಬಾಳಿಕೆಯೂ ಹೆಚ್ಚು.

ಕಣಜದಿಂದ ಏನು ಮಾಡಬಹುದು ಎಂಬ ವಿಷಯದಲ್ಲಿಯೂ ಮಿತಿಯನ್ನು ಅರಿತಿರಬೇಕು. ಪೇಟೆಯಲ್ಲಿ ಬಹಳವಾಗಿ ಸಿಕ್ಕುವ ೨೮೦ ಆಂಪಿಯರ್-ಗಂಟೆಯ, ೩.೨ ವೋಲ್ಟಿನ, ಐದೂವರೆ ಕಿಲೋ ತೂಕದ ಸೆಲ್ಲುಗಳನ್ನು ಹದಿನಾರರಂತೆ ಸಾಲಾಗಿ ಜೋಡಿಸಿದರೆ ೫೧.೨ ವೋಲ್ಟು ಆಗುತ್ತದೆ; ಅದರಲ್ಲಿ ಹಿಡಿಸುವುದು ಸುಮಾರು ೧೪ ಯೂನಿಟ್ಟು. ಮನೆಯ ದೀಪ, ಪಂಕ, ಮಜ್ಜಿಗೆ ಕಡೆಯುವ ಯಂತ್ರ, ಶೀತಕಪೆಟ್ಟಿಗೆ, ಹಾಲು ಕರೆಯುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರದ ಬ್ಯಾಟರಿ, ಮಕ್ಕಳ ಓದಿನ ದೀಪ ಇವಕ್ಕೆಲ್ಲ ಇದು ಧಾರಾಳವಾಗಿ ಸಾಕು. ಐದು ಅಶ್ವಶಕ್ತಿಯ ಪಂಪನ್ನು ಇದಕ್ಕೆ ಕಟ್ಟಿದರೆ ಮಾತ್ರ ಮೂರು ಗಂಟೆಯೊಳಗೆ ಕಣಜವು ಬರಿದಾಗುತ್ತದೆ. ನೀರಿಗೆ ಕೃಷಿಹೊಂಡವೂ ತೊಟ್ಟಿಯೂ ಉಂಟಲ್ಲವೇ? ಬಿಸಿಲಿರುವಾಗ ಪಂಪನ್ನು ನಡೆಸಿ ನೀರನ್ನೇ ಕೂಡಿಡುವುದು, ವಿದ್ಯುತ್ತನ್ನು ಕೂಡಿಟ್ಟು ರಾತ್ರಿ ನೀರೆತ್ತುವುದಕ್ಕಿಂತ ಎಷ್ಟೋ ಪಾಲು ಲಾಭಕರ. ಪಂಪಿಗಾಗಿ ಸೆಲ್ಲುಗಳನ್ನು ಕೊಳ್ಳಿರೆಂದು ಬೋಧಿಸುವ ವರ್ತಕನು ತನ್ನ ಲಾಭವನ್ನು ಎಣಿಸುತ್ತಿರುವನೆಂದು ತಿಳಿಯಬಹುದು.

ಇನ್ನು ಅಗ್ಗದ ವಿಚಾರ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳಲ್ಲಿ ಬಹುಪಾಲು ಚೀನಾ ದೇಶದಲ್ಲಿ ತಯಾರಾಗುತ್ತವೆ. (ಮಂಡ್ಯ ಜಿಲ್ಲೆಯ ಮಾರ್ಲಗಲ್ಲಿನ ಬಂಡೆಗಳಲ್ಲಿ ಲಿಥಿಯಂ ಧಾತುವು ಇರುವುದಾಗಿ ೨೦೨೧ರಲ್ಲಿ ಸರ್ಕಾರವು ತಿಳಿಸಿದಾಗ ಅನೇಕರು ಹಿಗ್ಗಿದರು, ಆದರೆ ಆಗ ಅಂದಾಜಾದ ಮೊತ್ತವು ೧,೬೦೦ ಟನ್ನು ಮಾತ್ರ, ಅದೂ ಊಹೆಯ ವರ್ಗದ್ದು. ಬಂಡೆಯಲ್ಲಿರುವುದು ಬ್ಯಾಟರಿಗೆ ಬರುವುದಕ್ಕೆ ಬಹು ದೂರದ ದಾರಿಯುಂಟು.) ಕಾರ್ಖಾನೆಯಲ್ಲಿ ಹೊಸದಾಗಿ ಹುಟ್ಟಿದ ಸೆಲ್ಲುಗಳನ್ನು ಅಳೆದು, ಎಲ್ಲ ಅಳತೆಗಳಲ್ಲಿಯೂ ಸರಿಹೊಂದಿದವನ್ನು ಮೊದಲನೆಯ ದರ್ಜೆಯೆಂದು ಮೋಟಾರು ವಾಹನಗಳ ತಯಾರಕರಿಗೂ ದೊಡ್ಡ ಕಂಪೆನಿಗಳಿಗೂ ಮಾರುತ್ತಾರೆ. ಅಳತೆಯಲ್ಲಿ ಕೊಂಚ ಕಡಿಮೆಯಾದವು, ಉಗ್ರಾಣದಲ್ಲಿ ಬಹುಕಾಲ ಕುಳಿತವು, ಮೈಮೇಲೆ ಗಾಯವಾದವು ಕೆಳದರ್ಜೆಗೆ ಇಳಿಯುತ್ತವೆ. ಇವಲ್ಲದೆ, ಬಸ್ಸು ಕಾರುಗಳಲ್ಲಿ ದುಡಿದು ಹಳೆಯದಾಗಿ ಬಿಚ್ಚಲ್ಪಟ್ಟವೂ ಇವೆ. ಕೆಳದರ್ಜೆಯದನ್ನು ಕೆಳದರ್ಜೆಯೆಂದೂ ಹಳೆಯದನ್ನು ಹಳೆಯದೆಂದೂ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಎರಡನೆಯ ಸೂಲಿನ ಹಸುವನ್ನು ಎರಡನೆಯ ಸೂಲಿನ ಬೆಲೆಗೆ ಕೊಂಡಂತೆ. ಹಳೆಯ ಸೆಲ್ಲಿಗೆ ಹೊಸ ನೀಲಿಯ ಹೊದಿಕೆಯನ್ನು ತೊಡಿಸಿ, ತುದಿಗಳನ್ನು ಉಜ್ಜಿ ಹೊಳೆಯಿಸಿ, ಮೇಲಿನ ಚೌಕದ ಗುರುತನ್ನು ಕೆರೆದು ಮತ್ತೆ ಕೊರೆದು, ಹೊಸದೆಂದು ಮಾರುವುದೇ ದೋಷ.

ಸಣ್ಣ ಸೆಲ್ಲುಗಳಲ್ಲಿ ಈ ವಂಚನೆಯು ನಗೆಪಾಟಲಿನ ಮಟ್ಟಕ್ಕೆ ಹೋಗಿದೆ. ಹದಿನೆಂಟು ಮಿಲಿಮೀಟರು ದಪ್ಪ, ಅರುವತ್ತೈದು ಮಿಲಿಮೀಟರು ಉದ್ದವಿರುವ, ೧೮೬೫೦ ಎಂಬ ಅಂಕೆಯಿಂದ ಕರೆಯಲ್ಪಡುವ ಉರುಳೆಯಾಕಾರದ ಸೆಲ್ಲಿನಲ್ಲಿ, ಉತ್ತಮ ತಯಾರಿಕೆಯಾದರೂ ಹಿಡಿಸುವುದು ೩೫೦೦ ಮಿಲಿ ಆಂಪಿಯರ್-ಗಂಟೆಯ ಆಸುಪಾಸಿನಷ್ಟು. ಆದರೆ ೯೯೦೦ ಎಂದು ಅಚ್ಚುಹಾಕಿದ ಸೆಲ್ಲುಗಳು ಪೇಟೆಯಲ್ಲಿ ಹೇರಳವಾಗಿ ಸಿಕ್ಕುತ್ತವೆ. ಕೊಳಗದಲ್ಲಿ ಮೂರು ಕೊಳಗ ರಾಗಿ ತುಂಬಿದೆಯೆಂದು ಹೇಳಿದರೆ ಯಾವ ರೈತನೂ ನಂಬನು. ಇಲ್ಲಿ ಮಾತ್ರ ನಂಬಿಕೆಯು ಎಲ್ಲಿಂದ ಬರುತ್ತದೋ ತಿಳಿಯದು. ನಿಜವಾದ ಸೆಲ್ಲು ಸುಮಾರು ೪೫ ಗ್ರಾಂ ತೂಗುತ್ತದೆ. ಅಕ್ಕಸಾಲಿಗನ ತಕ್ಕಡಿಯಲ್ಲಿಟ್ಟಾಗ ಅದಕ್ಕಿಂತ ಬಹಳ ಹಗುರವಾಗಿ ಕಂಡುಬಂದದ್ದನ್ನು ಇನ್ನಾವ ಪರೀಕ್ಷೆಯೂ ಇಲ್ಲದೆ ಹಿಂದಿರುಗಿಸಬಹುದು. ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಇಂಥ ಸೆಲ್ಲುಗಳನ್ನು ನೂರಾರು ಕೂಡಿಸಿ ಕಣಜ ಕಟ್ಟುವ ಉತ್ಸಾಹಿಗಳು ದೇಶವಿದೇಶಗಳಲ್ಲಿದ್ದಾರೆ. ಅದು ಅವರವರ ಬಿಡುವಿನ ವಿನೋದ; ಬೆಂಕಿಗೆ ಬೇಗ ಒಳಗಾಗುವ ಜಾತಿಯ ಸೆಲ್ಲುಗಳನ್ನು ಬೈಹುಲ್ಲಿನ ಮೆದೆಯಿರುವ ಮನೆಯಲ್ಲಿ ಕೂಡಿಡುವುದು ಒಪ್ಪತಕ್ಕದ್ದಲ್ಲ.

ದೊಡ್ಡ ಸೆಲ್ಲುಗಳ ಪರೀಕ್ಷೆಯು ಕಣ್ಣಿನಿಂದ ಮೊದಲಾಗುತ್ತದೆ. ಪೆಟ್ಟಿಗೆಯನ್ನು ಬಿಚ್ಚುವಾಗಲೇ ಮೊಬೈಲಿನಿಂದ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ಮಾರಿದವನೊಡನೆ ವ್ಯಾಜ್ಯ ಬಂದಾಗ ಅದೇ ಸಾಕ್ಷಿ. ಹೊಟ್ಟೆಯುಬ್ಬಿದ ಸೆಲ್ಲು, ಮೂಲೆ ಜಜ್ಜಿದ ಸೆಲ್ಲು, ಹೊದಿಕೆಯ ಕೆಳಗೆ ಜಿಗುಟು ಕಂಡ ಸೆಲ್ಲು ತ್ಯಾಜ್ಯ. ತುದಿಯ ಅಲ್ಯೂಮಿನಿಯಮ್ಮಿನ ಮೇಲೆ ಹಿಂದೆ ಬೆಸೆದು ಬಿಡಿಸಿದ ಗುರುತಿದ್ದರೆ ಅದು ಎಲ್ಲಿಯೋ ದುಡಿದು ಬಂದದ್ದೆಂದು ಅರ್ಥ. ಮೇಲಿನ ಚೌಕದ ಗುರುತನ್ನು ಮೊಬೈಲಿನಿಂದ ಓದಿಸಿದರೆ ತಯಾರಕನ ಹೆಸರೂ ತಯಾರಾದ ದಿನವೂ ಅಡಗಿರುವ ಅಕ್ಷರಮಾಲೆಯು ಸಿಕ್ಕುತ್ತದೆ. ಹದಿನಾರೂ ಒಂದೇ ಕಾಲದವಾಗಿರಬೇಕು. ಒಂದೊಂದು ಒಂದೊಂದು ವರ್ಷದ್ದಾಗಿದ್ದರೆ ಗುಡ್ಡೆಯಿಂದ ಆಯ್ದು ತುಂಬಿದ ಮಾಲು ಎಂದು ತಿಳಿಯಬೇಕು.

ತರುವಾಯ ವೋಲ್ಟನ್ನು ಅಳೆಯಬೇಕು. ಕಾರ್ಖಾನೆಯಿಂದ ಬಂದ ಹೊಸ ಸೆಲ್ಲುಗಳು ಅರ್ಧ ತುಂಬಿದ ಸ್ಥಿತಿಯಲ್ಲಿದ್ದು, ೩.೩ ವೋಲ್ಟಿನ ಸಮೀಪದಲ್ಲಿ, ಒಂದಕ್ಕೊಂದು ಕೆಲವೇ ಮಿಲಿವೋಲ್ಟುಗಳ ಅಂತರದಲ್ಲಿ ಇರುತ್ತವೆ. ಎರಡು ವೋಲ್ಟಿಗಿಂತ ಕೆಳಗಿಳಿದದ್ದನ್ನು ಮತ್ತೆ ತುಂಬಿ ಬದುಕಿಸುವ ಪ್ರಯತ್ನವು ಬೇಡ. ಅಷ್ಟು ಬರಿದಾದಾಗ ಒಳಗಿನ ತಾಮ್ರವು ಕರಗಿ, ಮುಂದೆ ತುಂಬುವಾಗ ಒಳಗೊಳಗೇ ಸೇತುವೆ ಕಟ್ಟಿಕೊಳ್ಳುವ ಅಪಾಯವುಂಟು. ಆದರೆ ವೋಲ್ಟು ಸರಿಯಾಗಿದೆ ಎಂದ ಮಾತ್ರಕ್ಕೆ ಸೆಲ್ಲು ಸರಿಯಾಗಿದೆ ಎಂದು ನಂಬಿ ಮೋಸಹೋಗುವವರೇ ಹೆಚ್ಚು. ಈ ಜಾತಿಯ ಸೆಲ್ಲಿನ ಸ್ವಭಾವವೇನೆಂದರೆ, ಕಾಲು ಭಾಗ ತುಂಬಿದ್ದರೂ ಮುಕ್ಕಾಲು ಭಾಗ ತುಂಬಿದ್ದರೂ ಅದರ ವೋಲ್ಟು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಗೇವಿನ ಬಾಯಿಯನ್ನು ನೋಡಿ ಒಳಗೆ ಎಷ್ಟು ಖಂಡುಗ ರಾಗಿಯಿದೆ ಎಂದು ಹೇಳಲಾಗದಂತೆಯೇ ಇದು. ಒಳತಡೆಯನ್ನು, ಅಂದರೆ ವಿದ್ಯುತ್ತಿನ ಹರಿವಿಗೆ ಸೆಲ್ಲು ತಾನೇ ಒಡ್ಡುವ ಅಡ್ಡಿಯನ್ನು, ಅಳೆಯುವ ನಾಲ್ಕು ತಂತಿಯ ಮೀಟರು ಇದ್ದರೆ ಒಳ್ಳೆಯದು. ೨೮೦ರ ಹೊಸ ಸೆಲ್ಲಿನಲ್ಲಿ ಅದು ಕಾಲು ಮಿಲಿ ಓಮಿನ ಒಳಗೆ ಇರುತ್ತದೆ. ಸಾಮಾನ್ಯ ಮೀಟರಿನಿಂದ ಇಷ್ಟು ಅಲ್ಪವಾದುದನ್ನು ಅಳೆಯುವುದು ಆಗದ ಮಾತು.

ನಿಜವಾದ ಪರೀಕ್ಷೆಯೆಂದರೆ ಪೂರ್ತಿ ತುಂಬಿ, ಪೂರ್ತಿ ಅಳೆದು ತೆಗೆಯುವುದು. ಸೆಲ್ಲನ್ನು ೩.೬೫ ವೋಲ್ಟಿನವರೆಗೆ ತುಂಬಿಸಿ, ಒಳಹೋಗುವ ಪ್ರವಾಹವು ೧೪ ಆಂಪಿಯರಿಗೆ ಇಳಿಯುವ ತನಕ ಅಲ್ಲಿಯೇ ಹಿಡಿದಿಟ್ಟು, ಒಂದು ಗಂಟೆ ವಿಶ್ರಾಂತಿ ಕೊಟ್ಟು, ಅನಂತರ ಒಂದೇ ಸಮನಾದ ಪ್ರವಾಹದಲ್ಲಿ ೨.೫ ವೋಲ್ಟಿನವರೆಗೆ ಬರಿದುಮಾಡಬೇಕು. ಹೊರಬಂದ ಆಂಪಿಯರ್-ಗಂಟೆಗಳೆಷ್ಟೋ ಅಷ್ಟೇ ಆ ಸೆಲ್ಲು. ಹೊದಿಕೆಯ ಮೇಲಿನ ಅಂಕೆಯಲ್ಲ. ನಾಲ್ವತ್ತು ಆಂಪಿಯರು ಎಳೆಯುವ ಪರೀಕ್ಷಾಯಂತ್ರದಲ್ಲಿ ಒಂದು ಸೆಲ್ಲಿಗೆ ಏಳು ಗಂಟೆ ಹಿಡಿಯುತ್ತದೆ. ತುಂಬುವ ಯಂತ್ರವನ್ನು ಯಾವ ಕಾರಣಕ್ಕೂ ೩.೬೫ಕ್ಕಿಂತ ಮೇಲೆ ಇರಿಸಕೂಡದು. ಕೆಲಸವು ಬೇಗ ಮುಗಿಯಲೆಂದು ಅದನ್ನು ಏರಿಸಿ ಊಟಕ್ಕೆ ಹೋದವರ ಸೆಲ್ಲುಗಳು ಹಿಂದಿರುಗಿ ಬರುವಷ್ಟರಲ್ಲಿ ಮಡಕೆಯಂತೆ ಊದಿಕೊಂಡಿರುವುದುಂಟು.

ಹದಿನಾರು ಸೆಲ್ಲುಗಳನ್ನು ಒಂದೊಂದಾಗಿ ಹೀಗೆ ಪರೀಕ್ಷಿಸಲು ಹದಿನೈದು ಇಪ್ಪತ್ತು ದಿನಗಳಾಗುವುವಲ್ಲಾ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆಯು ನ್ಯಾಯವಾದದ್ದೇ. ಕಡಿಮೆ ಶ್ರಮದ ದಾರಿಯೊಂದುಂಟು. ಮೊದಲು ಹದಿನಾರನ್ನೂ ಪಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿ ೩.೬೫ ವೋಲ್ಟಿಗೆ ಒಟ್ಟಿಗೆ ತುಂಬಿಸಿ ಸಮಮಾಡಬೇಕು. ಅನಂತರ ಸಾಲಾಗಿ ಜೋಡಿಸಿ, ಪ್ರತಿಯೊಂದು ಸೆಲ್ಲಿನ ವೋಲ್ಟನ್ನೂ ನೋಡುತ್ತ ಅಪಾಯ ಬಂದಾಗ ಸಂಪರ್ಕವನ್ನು ಕಡಿಯುವ, ಬಿ.ಎಂ.ಎಸ್. ಎಂದು ಕರೆಯುವ ಕಾವಲು ಫಲಕವನ್ನು ಕಟ್ಟಿ, ಇನ್ವರ್ಟರಿನ ಮೂಲಕ ಎರಡು ಕಿಲೋವಾಟಿನಷ್ಟು ನೀರು ಕಾಯಿಸುವ ಕಡ್ಡಿಗಳನ್ನು ಉರಿಸಬೇಕು. ಸುಮಾರು ಏಳು ಗಂಟೆಗಳಲ್ಲಿ ಕಣಜವು ಬರಿದಾಗುವುದು. ಮೊದಲು ಕುಸಿದು ಕಾವಲು ಫಲಕವನ್ನು ಎಚ್ಚರಿಸಿದ ಸೆಲ್ಲು ಯಾವುದೋ ಅದೇ ಆ ಗುಂಪಿನ ದುರ್ಬಲ ಸೆಲ್ಲು. ಅಷ್ಟರಲ್ಲಿ ಹೊರಬಂದ ಮೊತ್ತವೇ ಕಣಜದ ಅಳತೆ. ಸ್ನಾನಕ್ಕೆ ಬಿಸಿನೀರೂ ಲಭಿಸುತ್ತದೆ. ಬಳಿಕ ಮತ್ತೆ ತುಂಬಿ, ಒಂದು ದಿನ ಬಿಟ್ಟು ಪ್ರತಿಯೊಂದರ ವೋಲ್ಟನ್ನೂ ಬರೆದುಕೊಂಡು, ತಂತಿಗಳನ್ನೆಲ್ಲ ಕಳಚಿಟ್ಟು, ಮೂರು ನಾಲ್ಕು ವಾರಗಳ ತರುವಾಯ ಮತ್ತೆ ಬರೆದುಕೊಳ್ಳಬೇಕು. ಉಳಿದವು ನಿಂತಲ್ಲಿಯೇ ನಿಂತಿರುವಾಗ ಒಂದು ಮಾತ್ರ ಇಳಿದಿದ್ದರೆ ಅದು ಸೋರುವ ಕೊಡ. ಅಂಥದ್ದು ಅಳತೆಯಲ್ಲಿ ಎಷ್ಟೇ ಚೆನ್ನಾಗಿ ಕಂಡಿದ್ದರೂ ಸಾಲಿನಲ್ಲಿ ಇರಿಸಬಾರದು.

ಒಂದು ದುರ್ಬಲವಾದರೇನು, ಹದಿನೈದು ಸರಿಯಾಗಿವೆಯಲ್ಲಾ ಎಂಬ ಮಾತನ್ನು ಕೇಳಬಹುದು. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಕುಂಟಾದರೆ ಉಳುಮೆಯು ಅರ್ಧಕ್ಕೆ ನಿಲ್ಲುವುದಿಲ್ಲ, ಪೂರ್ತಿಯೇ ನಿಲ್ಲುತ್ತದೆ. ಸಾಲಿನಲ್ಲಿರುವ ಸೆಲ್ಲುಗಳ ಗತಿಯೂ ಅದೇ. ಎಲ್ಲದರ ಮೂಲಕವೂ ಒಂದೇ ಪ್ರವಾಹವು ಹಾಯಬೇಕಾಗಿರುವುದರಿಂದ ಅತಿ ಕಡಿಮೆಯದು ಎಲ್ಲಕ್ಕೂ ಅಳತೆಯಾಗುತ್ತದೆ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಐದು ಸಾವಿರ ರೂಪಾಯಿಯ ಸೆಲ್ಲು ಅಳೆದಾಗ ೨೮೨ ಕೊಟ್ಟಿತು. ನಾಲ್ಕು ಸಾವಿರದ ಸೆಲ್ಲು ೨೧೦ ಕೊಟ್ಟಿತು ಎನ್ನೋಣ. ಮೊದಲನೆಯದರಲ್ಲಿ ಆಂಪಿಯರ್-ಗಂಟೆಯೊಂದಕ್ಕೆ ೧೭ ರೂಪಾಯಿ ೭೩ ಪೈಸೆ ಬಿದ್ದರೆ, ಅಗ್ಗದ್ದರಲ್ಲಿ ೧೯ ರೂಪಾಯಿ ೫ ಪೈಸೆ ಬೀಳುತ್ತದೆ. ಅಗ್ಗದ್ದೇ ತುಟ್ಟಿಯಾಯಿತು. ಇದಕ್ಕೂ ಮಿಗಿಲಾಗಿ, ಹದಿನೈದು ಒಳ್ಳೆಯ ಸೆಲ್ಲುಗಳ ನಡುವೆ ೨೧೦ರದೊಂದನ್ನು ಸೇರಿಸಿದಾತನು ಉಳಿದ ಹದಿನೈದರಲ್ಲಿಯೂ ತಲಾ ಎಪ್ಪತ್ತರಷ್ಟನ್ನು ಕೈಯಾರ ಹೂಳಿದಂತಾಯಿತು. ಆದಕಾರಣ ಹದಿನಾರರ ಬದಲು ಹದಿನೇಳನ್ನು ಒಂದೇ ಕಂತಿನಲ್ಲಿ ಕೊಳ್ಳುವುದೂ, ಅಳತೆಯಲ್ಲಿ ಕಡಿಮೆಯಾದದ್ದನ್ನು ಇಂತಿಷ್ಟು ದಿನಗಳೊಳಗೆ ಹಿಂದಕ್ಕೆ ಪಡೆಯುವೆನೆಂದು ಮಾರುವವನಿಂದ ಬರೆಯಿಸಿಕೊಳ್ಳುವುದೂ ಯುಕ್ತ. ಬರೆದುಕೊಡಲು ಒಪ್ಪದವನಲ್ಲಿ ಕೊಳ್ಳದಿರುವುದು ಇನ್ನೂ ಯುಕ್ತ.

ಇಷ್ಟೆಲ್ಲ ತೊಡಕಿರುವಾಗ, ಹೆಸರಾದ ಕಂಪೆನಿಯವರು ಕಟ್ಟಿ ಹೊಣೆಪತ್ರ ಕೊಡುವ ಸಿದ್ಧವಾದ ಬ್ಯಾಟರಿಯನ್ನೇ ಏಕೆ ಕೊಳ್ಳಬಾರದು ಎಂಬ ಪ್ರಶ್ನೆಯು ಏಳುತ್ತದೆ. ಕೊಳ್ಳಬಹುದು, ಮೀಟರು ಹಿಡಿಯಬಲ್ಲ ಒಬ್ಬ ಮನುಷ್ಯನೂ ಊರಿನಲ್ಲಿ ಇಲ್ಲವಾದರೆ ಅದನ್ನೇ ಕೊಳ್ಳತಕ್ಕದ್ದು. ಮನೆಯಲ್ಲಿ ಕಟ್ಟುವುದರಿಂದ ಹಣವು ಉಳಿಯುವುದೂ, ಒಂದು ಸೆಲ್ಲು ಕೆಟ್ಟರೆ ಅದೊಂದನ್ನೇ ಬದಲಿಸಲು ಅನುಕೂಲವಾಗುವುದೂ ನಿಜ. ಆದರೆ ಆ ಉಳಿತಾಯವು ಪರೀಕ್ಷೆಯ ಕೂಲಿಯೇ ಹೊರತು ಪುಕ್ಕಟೆಯಾಗಿ ಬಂದದ್ದಲ್ಲ. ಪರೀಕ್ಷೆಯನ್ನು ಬಿಟ್ಟು ಉಳಿತಾಯವನ್ನು ಮಾತ್ರ ಬಯಸುವವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಇಲ್ಲಿ ಊರಿನ ಹಿರಿಯರೂ ದೊಡ್ಡ ಹಿಡುವಳಿದಾರರೂ ಆಲೋಚಿಸಬೇಕಾದ ಒಂದು ಸಂಗತಿಯಿದೆ. ದೊಡ್ಡ ಮನೆಯಲ್ಲಿ ಕಂಡದ್ದು ವರ್ಷ ತುಂಬುವುದರೊಳಗೆ ಸಣ್ಣ ಮನೆಗಳಲ್ಲಿಯೂ ಕಾಣುತ್ತದೆ. ಹೊಸ ತಳಿಯ ಬೀಜವಾಗಲಿ, ಕೊಳವೆಬಾವಿಯಾಗಲಿ, ಹನಿ ನೀರಾವರಿಯಾಗಲಿ ಹಬ್ಬಿದ್ದು ಹೀಗೆಯೇ. ದೊಡ್ಡ ಜಮೀನುದಾರನಿಗೆ ಹದಿನಾರು ಸೆಲ್ಲುಗಳಲ್ಲಿ ಆರು ಕೆಟ್ಟರೆ ಅದೊಂದು ಬೇಸರದ ಸಂಗತಿ. ಬೇರೆ ಆರನ್ನು ತರಿಸಿಕೊಂಡಾನು. ಅವನನ್ನು ನೋಡಿ ಸಾಲ ಮಾಡಿ ಕೊಂಡ ಎರಡು ಎಕರೆಯ ರೈತನಿಗೆ ಅದು ಒಂದು ವರ್ಷದ ರೇಷ್ಮೆಯೋ ರಾಗಿಯೋ ಹೋದಂತೆ. ವಂಚಕ ವರ್ತಕನಿಗೆ ಸಿಕ್ಕುವ ಮೊದಲ ಗಿರಾಕಿಯು ಧನಿಕನಾದರೂ ಕಡೆಯ ನಷ್ಟವು ಬಡವನ ಮನೆಯಲ್ಲಿ ತಂಗುತ್ತದೆ. ಆದುದರಿಂದ, ಮೊದಲು ಕೊಂಡವನು ತನ್ನ ಸೆಲ್ಲುಗಳು ಎಷ್ಟು ಕೊಟ್ಟವು ಎಂಬುದನ್ನು ನಾಲ್ಕು ಜನರ ಮುಂದೆ ಅಳೆದು ತೋರಿಸುವುದು ಅವನ ಹೊಣೆಯೇ ಆಗಿದೆ. ಮೋಸಹೋದದ್ದನ್ನು ನಾಚಿಕೆಯಿಂದ ಮುಚ್ಚಿಡುವ ಅಭ್ಯಾಸವು ವರ್ತಕನಿಗೆ ಮಾಡುವ ದೊಡ್ಡ ಉಪಕಾರ.

ಪರೀಕ್ಷಾಯಂತ್ರ, ತಕ್ಕಡಿ, ಒಳತಡೆಯ ಮೀಟರು ಇವುಗಳನ್ನು ಮನೆಮನೆಗೂ ಕೊಳ್ಳುವುದು ವ್ಯರ್ಥ. ಒಂದು ಮನೆಗೆ ಅವು ಆಯುಸ್ಸಿನಲ್ಲಿ ಎರಡು ಬಾರಿ ಬೇಕಾದಾವು. ಊರಿನ ಸಹಕಾರ ಸಂಘದಲ್ಲಿ ಒಂದು ಮೇಜಿನ ಮೇಲೆ ಇವನ್ನು ಇರಿಸಿ, ಊರಿನಲ್ಲಿಯೇ ಇರುವ ತಂತಿ ಕೆಲಸ ಕಲಿತ ಯುವಕನೊಬ್ಬನಿಗೆ ಒಪ್ಪಿಸಿ, ಸೆಲ್ಲೊಂದಕ್ಕೆ ಇಂತಿಷ್ಟೆಂದು ಅಲ್ಪ ಶುಲ್ಕವನ್ನು ವಿಧಿಸಿದರೆ ಎಲ್ಲರಿಗೂ ಒದಗುತ್ತದೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗಲೂ ಒಬ್ಬೊಬ್ಬರಿಗೆ ನಿಲುಕದ್ದನ್ನು ಹಲವರು ಕೂಡಿ ಹೊಂದುವುದೇ ಉದ್ದೇಶವಾಗಿತ್ತು. ಹಾಲಿನ ಸಂಘದಲ್ಲಿ ಕೊಬ್ಬಿನಂಶವನ್ನು ಅಳೆಯದೆ ಹಾಲಿಗೆ ಬೆಲೆ ಕಟ್ಟುವುದಿಲ್ಲವಷ್ಟೆ. ಅಳತೆಯ ಪದ್ಧತಿಯು ಹಳ್ಳಿಗೆ ಹೊಸದೇನೂ ಅಲ್ಲ. ಮೇಜಿನ ಪಕ್ಕದಲ್ಲಿ ಒಂದು ಪುಸ್ತಕವಿರಲಿ. ಯಾವ ವರ್ತಕನಿಂದ, ಯಾವ ದಿನ, ಎಷ್ಟು ಬೆಲೆಗೆ, ಯಾವ ಗುರುತಿನ ಸೆಲ್ಲು, ಅಳೆದಾಗ ಎಷ್ಟು ಎಂಬುದನ್ನು ಅದರಲ್ಲಿ ಬರೆಯುತ್ತ ಹೋದರೆ, ಎರಡು ವರ್ಷಗಳಲ್ಲಿ ಆ ಪುಸ್ತಕವು ಯಾವ ಜಾಹೀರಾತಿಗಿಂತಲೂ ಹೆಚ್ಚಿನ ಬೆಲೆಯುಳ್ಳದ್ದಾಗುತ್ತದೆ. ಹತ್ತು ಮನೆಯವರು ಕೂಡಿ ಒಟ್ಟಿಗೆ ಕೊಂಡರೆ ವರ್ತಕನೂ ಒಳ್ಳೆಯ ಮಾಲನ್ನೇ ಕಳುಹಿಸುವ ಸಂಭವವುಂಟು. ಅಳೆಯುವವರಿದ್ದಾರೆ ಎಂಬ ಸುದ್ದಿಯು ಅವನಿಗೆ ಬೇಗ ಮುಟ್ಟುತ್ತದೆ.

ಅಪಾಯದ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಫಾಸ್ಫೇಟಿನ ಸೆಲ್ಲು ಸೌಮ್ಯ ಸ್ವಭಾವದ್ದೆಂದರೆ ನಿರಪಾಯಕರವೆಂದಲ್ಲ. ಅತಿಯಾಗಿ ತುಂಬಿದಾಗ ಅಥವಾ ಜಜ್ಜಿದಾಗ ಅದು ಹೊರಬಿಡುವ ಅನಿಲವು ವಿಷಕರವೂ ಉರಿಯತಕ್ಕದ್ದೂ ಆಗಿದೆ. ಅದರ ಎರಡು ತುದಿಗಳಿಗೆ ಒಂದು ಸ್ಪ್ಯಾನರು ಅಡ್ಡಬಿದ್ದರೆ ಸಾವಿರಾರು ಆಂಪಿಯರುಗಳು ಒಮ್ಮೆಗೇ ಹರಿದು ಕಬ್ಬಿಣವನ್ನು ಕೆಂಡಮಾಡುತ್ತವೆ. ಕೆಲಸಕ್ಕೆ ಮುಂಚೆ ಉಂಗುರ, ಕಡಗ, ಕೈಗಡಿಯಾರಗಳನ್ನು ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ರಬ್ಬರಿನ ಪಟ್ಟಿ ಸುತ್ತಬೇಕು. ಕಣಜದ ಧನ ತುದಿಗೆ ಅತಿ ಸಮೀಪದಲ್ಲಿ ಫ್ಯೂಸು ಇರಲೇಬೇಕು. ಮನೆಯಲ್ಲಿ ಬಳಸುವ ಸಣ್ಣ ಫ್ಯೂಸು ಇಂಥ ಪ್ರವಾಹವನ್ನು ಕಡಿಯಲಾರದೆ ತಾನೇ ಜ್ವಾಲೆಯಾಗಿ ನಿಲ್ಲುವುದರಿಂದ, ಲಿಥಿಯಮ್ಮಿಗೆ ತಕ್ಕುದಾದ ಟಿ ವರ್ಗದ ಫ್ಯೂಸನ್ನೇ ಬಳಸತಕ್ಕದ್ದು. ಕಾವಲು ಫಲಕವಿಲ್ಲದೆ ಒಂದು ದಿನವೂ ನಡೆಸಕೂಡದು.

ಸ್ಥಳವನ್ನು ಆರಿಸುವಲ್ಲಿ ಹಳ್ಳಿಯ ಮನೆಗಳಿಗೆ ವಿಶೇಷ ಎಚ್ಚರ ಬೇಕು. ಮಲಗುವ ಕೋಣೆ, ಮೆಟ್ಟಿಲಿನ ಕೆಳಗು, ಹುಲ್ಲಿನ ಕೊಟ್ಟಿಗೆ, ಸೀಮೆಎಣ್ಣೆಯನ್ನೂ ಕೀಟನಾಶಕವನ್ನೂ ಗೊಬ್ಬರವನ್ನೂ ಇಡುವ ಉಗ್ರಾಣ ಇವು ಯಾವುವೂ ತಕ್ಕ ಸ್ಥಳಗಳಲ್ಲ. ತಗಡಿನ ಛಾವಣಿಯ ಕೆಳಗೆ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಉಷ್ಣತೆಯು ನಾಲ್ವತ್ತೈದು ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ; ಅಂಥಲ್ಲಿ ತುಂಬಿಸುತ್ತಿದ್ದರೆ ಸೆಲ್ಲಿನ ಆಯುಸ್ಸು ಕರಗುತ್ತ ಹೋಗುತ್ತದೆ. ಶೂನ್ಯ ಡಿಗ್ರಿಯ ಕೆಳಗೆ ತುಂಬಿಸಬಾರದೆಂಬ ನಿಯಮವು ಹಿಮದ ದೇಶದವರಿಗೆ ಬೇಕಾದದ್ದು. ಗಾಳಿಯಾಡುವ, ನೆರಳಿರುವ, ಕಲ್ಲು ಅಥವಾ ಇಟ್ಟಿಗೆಯ ಗೋಡೆಗಳುಳ್ಳ, ಮನೆಯಿಂದ ಬೇರೆಯಾದ ಚಿಕ್ಕ ಕೋಣೆಯು ಉತ್ತಮ. ಇಲಿಗಳ ವಿಷಯವನ್ನು ನಗರದ ಪುಸ್ತಕಗಳಲ್ಲಿ ಯಾರೂ ಬರೆಯುವುದಿಲ್ಲ. ತಂತಿಯ ಹೊದಿಕೆಯನ್ನು ಕಡಿಯುವುದರಲ್ಲಿ ಅವು ನಿಪುಣ. ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿದು ಹಲ್ಲಿ ಇರುವೆಗಳಿಗೂ ದಾರಿಯನ್ನು ಮುಚ್ಚಬೇಕು. ಹೊಗೆ ಕಂಡರೆ ಹತ್ತಿರ ಹೋಗಿ ನೋಡುವ ಸಾಹಸವನ್ನು ಮಾಡದೆ, ದೂರದ ಸ್ವಿಚ್ಚಿನಿಂದ ಸಂಪರ್ಕ ತಪ್ಪಿಸಿ, ಜನರನ್ನೂ ದನಗಳನ್ನೂ ಗಾಳಿಯ ಎದುರು ದಿಕ್ಕಿಗೆ ಸಾಗಿಸಿ, ಅಗ್ನಿಶಾಮಕದವರನ್ನು ಕರೆಯತಕ್ಕದ್ದು.

ಕೆಟ್ಟ ಸೆಲ್ಲುಗಳನ್ನು ತಿಪ್ಪೆಗೋ ಕೆರೆಯಂಗಳಕ್ಕೋ ಎಸೆಯುವುದು ಶಿಕ್ಷಾರ್ಹವಾದ ತಪ್ಪು. ಭಾರತ ಸರ್ಕಾರವು ೨೦೨೨ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯು ತಯಾರಕರ ಮತ್ತು ಆಮದುದಾರರ ಮೇಲಿದೆ. ಸೀಸದ ಬ್ಯಾಟರಿಯಾದರೆ ಗುಜರಿಯವನು ಮನೆಗೇ ಬಂದು ಹಣ ಕೊಟ್ಟು ಒಯ್ಯುತ್ತಾನೆ. ಫಾಸ್ಫೇಟಿನ ಸೆಲ್ಲಿನಲ್ಲಿ ಕೋಬಾಲ್ಟೂ ನಿಕಲ್ಲೂ ಇಲ್ಲದ ಕಾರಣ ಅವನಿಗೆ ಅದರಲ್ಲಿ ಆಸೆಯಿಲ್ಲ. ಆದಕಾರಣ ಕೊಳ್ಳುವ ದಿನವೇ ರಸೀದಿಯನ್ನು ಪಡೆದು, ಹಿಂದಕ್ಕೆ ಪಡೆಯುವವರು ಯಾರೆಂಬುದನ್ನು ಅದರಲ್ಲಿ ಬರೆಯಿಸಿಕೊಂಡಿರಬೇಕು. ಒಳಗೆ ಇನ್ನೂ ಬಳಸಬಹುದೆಂದು ಕೆಟ್ಟ ಸೆಲ್ಲನ್ನು ಆಳುಮಕ್ಕಳಿಗೆ ದಾನವಾಗಿ ಕೊಡುವ ಔದಾರ್ಯವೂ ಬೇಡ.

ಪರೀಕ್ಷೆಗೆ ತಕ್ಕ ಕಾಲವೆಂದರೆ ಸುಗ್ಗಿಯು ಮುಗಿದು ಬೇಸಗೆಯು ಇನ್ನೂ ಕಾಲಿಡದ ತಿಂಗಳುಗಳು. ತಯಾರಕರ ಅಳತೆಗಳೆಲ್ಲ ಇಪ್ಪತ್ತೈದು ಡಿಗ್ರಿಯ ಉಷ್ಣತೆಯನ್ನು ಆಧರಿಸಿದವಾಗಿರುವುದರಿಂದ ಆಗಿನ ಹಗಲು ಅದಕ್ಕೆ ಹತ್ತಿರವಾಗಿರುತ್ತದೆ; ಮನೆಯವರಿಗೂ ಬಿಡುವಿರುತ್ತದೆ. ಮೊದಲ ಪರೀಕ್ಷೆಯ ಅಂಕಿಗಳನ್ನು ಸೆಲ್ಲಿನ ಕ್ರಮಸಂಖ್ಯೆಯೊಡನೆ ಒಂದು ಹಾಳೆಯಲ್ಲಿ ಬರೆದು ಕೋಣೆಯ ಬಾಗಿಲಿನ ಒಳಬದಿಗೆ ಅಂಟಿಸಿ, ಮರುವರ್ಷ ಅದೇ ತಿಂಗಳಲ್ಲಿ ಅದೇ ರೀತಿಯಾಗಿ ಅಳೆದು ಪಕ್ಕದ ಸಾಲಿನಲ್ಲಿ ಬರೆಯತಕ್ಕದ್ದು.